ಮಗು ಆಟದೊಳಗೆ ಏನು ಮಾಡುತ್ತಿದೆ ಎಂದು ನೋಡಿ

ಸಂಪಾದಕರಿಗೆ,

ಮಾನ್ಯರೇ,

ಮಕ್ಕಳ ಆಟೋಟ ಮತ್ತು ಮುಂದಿನ ಉದ್ಯೋಗದ ಬಗ್ಗೆ ಪತ್ರಿಕೆಗಳಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಆಟ ಬೇಕೋ, ಓದು ಬೇಕೋ? ಮಕ್ಕಳಿಗೆ ಕ್ರೀಡಾ ತರಬೇತಿ ಕೊಡುವ, ಹದಿಹರೆಯದವರಿಗೆ ವೃತ್ತಿ ಮಾರ್ಗದರ್ಶನ ಮಾಡುವ ನಮಗೆ ಈ ಪ್ರಶ್ನೆಯಿಂದ ಪೋಷಕರಿಗೆ ಪ್ರಯೋಜನವಾದದ್ದು ಕಂಡಿಲ್ಲ. ಆಡುವ ಮಕ್ಕಳಲ್ಲಿ ಆಟದಿಂದಲೇ ಹೊಟ್ಟೆ ಹೊರೆಯುವವರು ತೀರಾ ಕಡಿಮೆ, ಅದು ಎಲ್ಲರಿಗೂ ಗೊತ್ತು. ಹಾಗೆಂದು ಆಟದ ಹೊತ್ತು ವ್ಯರ್ಥವಾಯಿತು ಎನ್ನುವುದು ದೊಡ್ಡ ತಪ್ಪು. ಮಗು ಎಂಥ ಕೆಲಸಕ್ಕೆ ಒಲಿಯುತ್ತದೆ, ಎಂಥ ಕೆಲಸದಲ್ಲಿ ದಣಿದರೂ ಬಿಡದೆ ನಿಲ್ಲುತ್ತದೆ ಎನ್ನುವುದು ಅಂಕಪಟ್ಟಿಗಿಂತ ಮೈದಾನದಲ್ಲಿ ಚೆನ್ನಾಗಿ ಕಾಣುತ್ತದೆ. ಕಾಣಬೇಕಾದರೆ ನೋಡುವ ಕ್ರಮ ಗೊತ್ತಿರಬೇಕು. ಆ ಕ್ರಮದ ಬಗ್ಗೆ, ಅದರಲ್ಲಿ ಎಡವುವ ಜಾಗಗಳ ಬಗ್ಗೆ ಈ ಪತ್ರ.

ಒಂದೇ ಮೈದಾನದಲ್ಲಿ ಒಂದೇ ಆಟ ಆಡುತ್ತಿರುವ ಮಕ್ಕಳು ನಿಜವಾಗಿ ಒಂದೇ ಕೆಲಸ ಮಾಡುತ್ತಿರುವುದಿಲ್ಲ. ಕೋಚ್ ಬರುವ ಮುಂಚಿನ ಹತ್ತು ನಿಮಿಷ ದೂರ ನಿಂತು ನೋಡಿ. ಒಬ್ಬಳು ಬಂದವರನ್ನು ಎಣಿಸಿ ಎರಡು ತಂಡ ಸಮ ಮಾಡುತ್ತಿರುತ್ತಾಳೆ. ಒಬ್ಬರು ಹೆಚ್ಚಾದರೆ ಅವರನ್ನು ಎರಡೂ ಕಡೆ ಆಡಿಸುವ ನಿಯಮ ತರುತ್ತಾಳೆ, ಜಗಳ ಬಂದರೆ ಆ ನಿಯಮವನ್ನೇ ತಿದ್ದುತ್ತಾಳೆ. ಇನ್ನೊಬ್ಬನಿಗೆ ತಂಡದ ಗೊಡವೆಯೇ ಇಲ್ಲ. ಚೆಂಡಿನ ಗಾಳಿ ಒತ್ತಿ ನೋಡುತ್ತಾನೆ, ಬ್ಯಾಟಿನ ಗ್ರಿಪ್ ಸಡಿಲವಾಗಿದ್ದರೆ ಬಿಚ್ಚಿ ಮತ್ತೆ ಸುತ್ತುತ್ತಾನೆ, ರ‍್ಯಾಕೆಟ್ಟಿನ ತಂತಿಯನ್ನು ಬೆರಳಲ್ಲಿ ಮೀಟಿ ಸದ್ದು ಕೇಳುತ್ತಾನೆ. ಮೂರನೆಯವಳು ಬಿದ್ದವರ ಬಳಿಗೆ ಎಲ್ಲರಿಗಿಂತ ಮೊದಲು ಓಡುತ್ತಾಳೆ. ನಾಲ್ಕನೆಯವನಿಗೆ ಕಳೆದ ವಾರ ಯಾರು ಎಷ್ಟು ಗೋಲು ಹೊಡೆದರು ಎಂಬುದು ಬಾಯಿಪಾಠ. ಐದನೆಯವಳು ಯಾರೊಂದಿಗೂ ಪೈಪೋಟಿಗೆ ಇಳಿಯದೆ ತನ್ನದೇ ನಿನ್ನೆಯ ಸಮಯವನ್ನು ಮೀರಲು ಮತ್ತೆ ಮತ್ತೆ ಓಡುತ್ತಾಳೆ. ಈ ಐವರ ಪೋಷಕರನ್ನು ಕೇಳಿದರೆ ಎಲ್ಲರ ಉತ್ತರವೂ ಒಂದೇ: ‘ನಮ್ಮ ಮಗುವಿಗೆ ಕ್ರೀಡೆಯಲ್ಲಿ ಆಸಕ್ತಿ.’ ಆ ಉತ್ತರದಿಂದ ಮುಂದಿನ ದಾರಿ ತಿಳಿಯುವುದಿಲ್ಲ.

ಆದ್ದರಿಂದ ನಾವು ಪೋಷಕರಿಗೆ ಮೊದಲು ಹೇಳುವುದು ಒಂದು ಸಣ್ಣ ನೋಟ್‌ಪುಸ್ತಕ ಇಡಿ ಎಂದು. ಮೂರು ವಾರ, ದಿನಕ್ಕೆ ಎರಡು ಸಾಲು ಸಾಕು. ಕೋಚ್ ಬರುವ ಮುಂಚೆ ಮತ್ತು ಪ್ರಾಕ್ಟೀಸ್ ಮುಗಿದ ಮೇಲೆ ಮಗು ಏನು ಮಾಡಿತು? ಯಾರೂ ಹೇಳದಿದ್ದರೂ ಯಾವ ಭಾಗವನ್ನು ಮುಂದುವರಿಸಿತು? ಏನು ಪ್ರಶ್ನೆ ಕೇಳಿತು? ಬರೆಯುವಾಗ ಗುಣವಾಚಕ ಬೇಡ, ಕ್ರಿಯಾಪದ ಬರೆಯಿರಿ. ‘ನಾಯಕತ್ವ ಇದೆ’, ‘ಚುರುಕು’, ‘ಶಿಸ್ತಿನ ಹುಡುಗ’ ಎಂದು ಬರೆದರೆ ಅದು ನಮ್ಮ ಆಸೆಯ ದಾಖಲೆಯಾಗುತ್ತದೆ. ‘ಗೋಲ್‌ಕೀಪರ್ ಎಲ್ಲಿ ನಿಂತರೆ ಮೂಲೆ ಮುಚ್ಚುತ್ತದೆ ಎಂದು ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದಳು’ ಎಂದು ಬರೆದರೆ ಅದು ಮಗುವಿನದು. ನಾಲ್ಕೈದು ತಿಂಗಳು ಬಿಟ್ಟು, ಸಾಧ್ಯವಾದರೆ ಬೇರೆ ಆಟದಲ್ಲೋ ಚಟುವಟಿಕೆಯಲ್ಲೋ, ಮತ್ತೆ ಮೂರು ವಾರ ಬರೆಯಿರಿ. ಎರಡೂ ಕಡೆ ಕಂಡದ್ದು ಮಗುವಿನ ಸ್ವಂತ ಒಲವು ಎನ್ನಬಹುದು. ಒಂದೇ ಕಡೆ ಕಂಡದ್ದು ಒಳ್ಳೆಯ ಕೋಚ್‌ನಿಂದಲೋ ಜೊತೆಗಾರನಿಂದಲೋ ಬಂದಿರಬಹುದು. ಹೀಗೆ ಬೇರ್ಪಡಿಸದೆ ಹೋದಾಗ ಆಗುವ ನಷ್ಟವನ್ನು ನಾವು ಬಹಳ ನೋಡುತ್ತೇವೆ. ಗೆಳೆಯ ಶಾಲೆ ಬಿಟ್ಟು ಹೋದ ಮೇಲೆ ಹುಡುಗನ ‘ಬ್ಯಾಡ್ಮಿಂಟನ್ ಹುಚ್ಚು’ ಎರಡೇ ತಿಂಗಳಲ್ಲಿ ಇಳಿಯುತ್ತದೆ. ಅಷ್ಟರಲ್ಲಿ ಮನೆಯವರು ಅದರ ಮೇಲೆ ಎರಡು ವರ್ಷದ ಯೋಜನೆ ಕಟ್ಟಿರುತ್ತಾರೆ.

ಆಸಕ್ತಿ ಬೆಳೆಯುವ ಬಗೆಯನ್ನು ಮನಶ್ಶಾಸ್ತ್ರಜ್ಞರಾದ ಸುಸಾನ್ ಹಿಡಿ ಮತ್ತು ಆನ್ ರೆನಿಂಗರ್ 2006ರಲ್ಲಿ ನಾಲ್ಕು ಹಂತಗಳಾಗಿ ವಿವರಿಸಿದರು. ಮೊದಲು ಯಾವುದೋ ಸಂದರ್ಭ ಕುತೂಹಲ ಹುಟ್ಟಿಸುತ್ತದೆ. ಎರಡನೆಯ ಹಂತದಲ್ಲಿ ಜೊತೆಗಾರರು, ಕೋಚ್, ಜಾಗ, ಹೀಗೆ ಸುತ್ತಲಿನ ವ್ಯವಸ್ಥೆ ಆ ಕುತೂಹಲವನ್ನು ಹಿಡಿದಿಡುತ್ತದೆ. ಮೂರನೆಯದರಲ್ಲಿ ಮಗು ತಾನಾಗಿ ಅದರತ್ತ ಮರಳಲು ಶುರುಮಾಡುತ್ತದೆ. ನಾಲ್ಕನೆಯದರಲ್ಲಿ ಅದು ಸ್ವಭಾವದ ಭಾಗವಾಗಿ, ಸೋಲು ಬಂದರೂ ನಿಲ್ಲುತ್ತದೆ. ಎರಡನೆಯ ಹಂತದ ಮಗುವನ್ನು ನಾಲ್ಕನೆಯ ಹಂತದ್ದೆಂದು ಭಾವಿಸುವುದೇ ಮನೆಗಳಲ್ಲಿ ಹೆಚ್ಚಾಗಿ ಆಗುವ ಎಡವಟ್ಟು. ಎರಡನ್ನೂ ಬೇರೆ ಮಾಡಿ ನೋಡುವ ದಾರಿ ಸುಲಭ. ಯಾರೂ ಕೊಡದ ಪ್ರಶ್ನೆಯನ್ನು ಮಗು ತಾನೇ ತರುತ್ತದೆಯೇ ಎಂದು ಗಮನಿಸಿ. ‘ನಾಳೆ ಪ್ರಾಕ್ಟೀಸ್ ಎಷ್ಟು ಗಂಟೆಗೆ?’ ಎನ್ನುವುದು ಎರಡನೆಯ ಹಂತದ ಪ್ರಶ್ನೆ. ‘ಚೆಂಡು ಹಳೆಯದಾದ ಮೇಲೆ ಯಾಕೆ ಬೇರೆ ಕಡೆ ತಿರುಗುತ್ತದೆ?’ ಎಂದರೆ ಮೂರನೆಯದು ಶುರುವಾಗಿದೆ. ಆ ಪ್ರಶ್ನೆಗೆ ಅಲ್ಲೇ ಉತ್ತರ ಕೊಟ್ಟು ಮುಗಿಸಬೇಡಿ. ಹೊಸ ಚೆಂಡು, ಒಂದು ಕಡೆ ಉಜ್ಜಿ ಹೊಳಪು ಉಳಿಸಿದ ಚೆಂಡು, ಎರಡೂ ಕಡೆ ಸವೆದ ಚೆಂಡು ಮೂರನ್ನೂ ಕೈಗೆ ಕೊಟ್ಟು, ಎಸೆದು ನೋಡಿ ಬರೆಯಲು ಹೇಳಿ. ಮುಂದೆ ಆ ಮಗು ಬೌಲರ್ ಆಗದೇ ಹೋಗಬಹುದು. ಗಾಳಿಯ ಹರಿವನ್ನು ಓದುವ ಎಂಜಿನಿಯರ್ ಆಗುವ ದಾರಿಯೂ ಅಲ್ಲಿಂದಲೇ ಹೊರಡುತ್ತದೆ.

ಬಹುಮಾನದ ವಿಷಯದಲ್ಲಿ ಎಚ್ಚರ ಬೇಕು. ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಹೋದ್ಯೋಗಿಗಳು 1973ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಒಂದು ಗುಂಪಿಗೆ ‘ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮುಂಚೆಯೇ ಹೇಳಲಾಯಿತು. ಒಂದು ಗುಂಪಿಗೆ ಹೇಳದೆ ಕೊನೆಗೆ ಕೊಡಲಾಯಿತು, ಮತ್ತೊಂದಕ್ಕೆ ಕೊಡಲೇ ಇಲ್ಲ. ಕೆಲವು ದಿನಗಳ ನಂತರ ಬಿಡುವಿನ ವೇಳೆಯಲ್ಲಿ ಗಮನಿಸಿದಾಗ, ಮುಂಚೆಯೇ ಬಹುಮಾನದ ಮಾತು ಕೇಳಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಒಂದು ಗೋಲಿಗೆ ಇಷ್ಟು, ಒಂದು ಅರ್ಧಶತಕಕ್ಕೆ ಇಷ್ಟು ಎಂದು ಮನೆಯಲ್ಲಿ ದರಪಟ್ಟಿ ಹಾಕುವ ಪೋಷಕರು ಇದನ್ನು ಮನಸ್ಸಿಗೆ ತಂದುಕೊಳ್ಳಲಿ. ಮಗು ಒಳ್ಳೆಯ ಪಾಸ್ ಕೊಡುವುದನ್ನು ನಿಲ್ಲಿಸಿ ತಾನೇ ಹೊಡೆಯಲು ಹೊರಡುತ್ತದೆ. ಅಲ್ಲಿಗೆ ಅದರ ನಿಜವಾದ ಒಲವು ನಮ್ಮ ಕಣ್ಣಿಗೆ ಬೀಳುವುದೂ ನಿಂತುಹೋಗುತ್ತದೆ.

ಪಂದ್ಯ ಮುಗಿಸಿ ಮನೆಗೆ ಬರುವ ದಾರಿಯಲ್ಲಿ ವಿಶ್ಲೇಷಣೆ ಬೇಡವೇ ಬೇಡ. ಸೋತ ಅರ್ಧ ಗಂಟೆಯೊಳಗೆ ಹೇಳಿದ ತಿದ್ದುಪಡಿ ಮಗುವಿನ ಕಿವಿಗೆ ಬೈಗುಳವಾಗಿಯೇ ಬೀಳುತ್ತದೆ. ಮರುದಿನ ‘ನಿನ್ನೆ ಹೊಸದಾಗಿ ಏನು ಮಾಡಿ ನೋಡಿದೆ?’ ಎಂದು ಕೇಳಿ, ಉತ್ತರವನ್ನು ನೋಟ್‌ಪುಸ್ತಕಕ್ಕೆ ಸೇರಿಸಿ.

ಎಷ್ಟು ಆಟ, ಯಾವ ವಯಸ್ಸಿನಲ್ಲಿ ಎನ್ನುವ ಪ್ರಶ್ನೆಗೆ ಕೆನಡಾದ ಕ್ರೀಡಾ ಮನಶ್ಶಾಸ್ತ್ರಜ್ಞ ಜಾನ್ ಕೋಟೆ ಅವರ ಮಾದರಿ ನಮಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಸುಮಾರು 6ರಿಂದ 12 ವರ್ಷದವರೆಗೆ ಹಲವು ಆಟಗಳ ರುಚಿ ನೋಡುವುದು, 13ರಿಂದ 15ರವರೆಗೆ ಒಂದೆರಡಕ್ಕೆ ಇಳಿಯುವುದು, 16ರ ನಂತರ ಬೇಕಿದ್ದರೆ ಒಂದರಲ್ಲೇ ತೊಡಗುವುದು. ಮನೆಯ ಮಟ್ಟದಲ್ಲಿ ಇದನ್ನು ಹೀಗೆ ಮಾಡಬಹುದು: ವರ್ಷದಲ್ಲಿ ಕನಿಷ್ಠ ಒಂದು ತಂಡದ ಆಟ, ಒಂದು ಒಂಟಿ ಆಟ, ಮತ್ತು ಆಟಕ್ಕೆ ಸಂಬಂಧವಿಲ್ಲದ ಕೈಕೆಲಸ ಒಂದು (ಮರಗೆಲಸ, ವಾದ್ಯ, ಚಿತ್ರ, ಏನಾದರೂ). ಒಂದು ಆಟಕ್ಕೆ ಕನಿಷ್ಠ ಎಂಟು ಹತ್ತು ವಾರ ಕೊಡಿ. ತಿಂಗಳಿಗೊಂದು ಬದಲಿಸಿದರೆ ಮಗು ಎಲ್ಲದರಲ್ಲೂ ಆರಂಭದ ಎಡವಾಟವನ್ನಷ್ಟೇ ಕಾಣುತ್ತದೆ, ಕೈ ಕೂಡಿಬಂದಾಗಿನ ಖುಷಿ ಕಾಣುವುದೇ ಇಲ್ಲ. ‘ಇದು ನನಗೆ ಆಗದು’ ಎಂಬ ತೀರ್ಮಾನ ಅಲ್ಲೇ ಬೇರೂರುತ್ತದೆ.

ಬೇರೆ ಆಟದಲ್ಲಿ ಕಲಿತದ್ದು ವ್ಯರ್ಥವಾಗುವುದಿಲ್ಲ ಎಂಬುದಕ್ಕೆ ಸಾಕ್ಷಿಗಳು ಬೇಕಾದಷ್ಟಿವೆ. ಬ್ಯಾಸ್ಕೆಟ್‌ಬಾಲ್‌ನ ದಿಗ್ಗಜ ಹಕೀಮ್ ಒಲಾಜುವಾನ್ ಹದಿಹರೆಯದವರೆಗೂ ಫುಟ್‌ಬಾಲ್ ಗೋಲ್‌ಕೀಪರ್ ಮತ್ತು ಹ್ಯಾಂಡ್‌ಬಾಲ್ ಆಟಗಾರ. ಅವರ ಪಾದಚಲನೆಗೆ ಆ ಆಟಗಳೇ ತಳಹದಿ ಎಂದು ಹೇಳಲಾಗುತ್ತದೆ. ಮಹೇಂದ್ರ ಸಿಂಗ್ ಧೋನಿ ಶಾಲೆಯಲ್ಲಿ ಮೊದಲು ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದವರು, ಅಲ್ಲಿಂದ ವಿಕೆಟ್ ಹಿಂದೆ ಬಂದರು. ರೋಜರ್ ಫೆಡರರ್ ಬಾಲ್ಯದಲ್ಲಿ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಬ್ಯಾಡ್ಮಿಂಟನ್ ಎಲ್ಲವನ್ನೂ ಆಡಿದ್ದಾರೆ. ಟೈಗರ್ ವುಡ್ಸ್ ಎರಡು ವರ್ಷ ತುಂಬುವ ಮುಂಚೆಯೇ ಗಾಲ್ಫ್ ಕೋಲು ಹಿಡಿದದ್ದೂ ನಿಜ. ಜಿಮ್ನಾಸ್ಟಿಕ್ಸ್, ಡೈವಿಂಗ್, ಫಿಗರ್ ಸ್ಕೇಟಿಂಗ್‌ನಂತಹ ಆಟಗಳಲ್ಲಿ ಬೇಗ ಶುರುಮಾಡಲೇಬೇಕು ಎನ್ನುವುದನ್ನೂ ನಾವು ಒಪ್ಪುತ್ತೇವೆ, ಅವುಗಳಲ್ಲಿ ದೇಹ ಪೂರ್ತಿ ಬೆಳೆಯುವ ಮುಂಚೆಯೇ ಉನ್ನತ ಮಟ್ಟದ ಸ್ಪರ್ಧೆ ಎದುರಾಗುತ್ತದೆ. ಉಳಿದ ಬಹುತೇಕ ಆಟಗಳಿಗೆ ಆ ಅವಸರ ಬೇಕಿಲ್ಲ. ಪರಿಣತಿಗೆ ‘ಹತ್ತು ಸಾವಿರ ಗಂಟೆ’ ಅಭ್ಯಾಸ ಬೇಕು ಎಂದು ಎಲ್ಲರ ಬಾಯಲ್ಲಿರುವ ಮಾತಿನ ಮೂಲ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ, ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಅಧ್ಯಯನ. ಅತ್ಯುತ್ತಮರ ಗುಂಪು 20ನೇ ವಯಸ್ಸಿಗೆ ಮುಟ್ಟಿದ್ದ ಸರಾಸರಿ ಅದು. ಸರಾಸರಿಯನ್ನು ಹೊಸ್ತಿಲೆಂದು ಭಾವಿಸಿ ಏಳು ವರ್ಷದ ಮಗುವಿನ ದಿನಚರಿಯನ್ನು ಭಾಗಾಕಾರ ಮಾಡಿ ಬರೆಯುವುದು ಅನ್ಯಾಯ.

ಈಗ ದೇಹದ ಮಾತು. ವೃತ್ತಿಯ ಬಗೆಗಿನ ಪತ್ರದಲ್ಲಿ ಇದೇಕೆ ಎಂದು ಓದುಗರು ಕೇಳಬಹುದು. ಹದಿನಾಲ್ಕರಲ್ಲಿ ಕ್ರೀಡೆಯನ್ನು ಬಿಟ್ಟವರಲ್ಲಿ ಎಷ್ಟೋ ಮಂದಿ ಆಸಕ್ತಿ ಹೋಗಿ ಬಿಟ್ಟವರಲ್ಲ, ನೋವಿಗೆ ಬಿಟ್ಟವರು. ನೋವನ್ನು ಮನೆಯವರು ಸೋಮಾರಿತನ ಎಂದುಕೊಂಡಿರುತ್ತಾರೆ. ಹುಡುಗಿಯರಲ್ಲಿ ಸುಮಾರು 12, ಹುಡುಗರಲ್ಲಿ ಸುಮಾರು 14ನೇ ವಯಸ್ಸಿನ ಆಸುಪಾಸು ಎತ್ತರ ಅತಿ ವೇಗವಾಗಿ ಏರುತ್ತದೆ. ಮೂಳೆ ಉದ್ದವಾಗುವ ವೇಗಕ್ಕೆ ಸ್ನಾಯು ಮತ್ತು ಸ್ನಾಯುರಜ್ಜು ಹೊಂದಿಕೊಳ್ಳಲು ಸಮಯ ಬೇಕು. ಅಷ್ಟರಲ್ಲಿ ಅವು ಮೂಳೆಯ ಮೆತ್ತನೆಯ ಬೆಳವಣಿಗೆಯ ಭಾಗವನ್ನು ಎಳೆಯುತ್ತಿರುತ್ತವೆ. ಮೊಣಕಾಲಿನ ಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ ಮುಟ್ಟಿದರೆ ನೋಯುವ ತೊಂದರೆಯ ಹೆಸರು ಆಸ್‌ಗುಡ್-ಶ್ಲಾಟರ್. ಹಿಮ್ಮಡಿ ನೋವಿನಿಂದ ಮಗು ತುದಿಗಾಲಲ್ಲಿ ನಡೆಯುವುದು ಸೀವರ್ಸ್. ಎರಡೂ ಹೊರೆ ತಗ್ಗಿಸಿದರೆ ಸಾಮಾನ್ಯವಾಗಿ ವಾಸಿಯಾಗುವಂಥವು. ವೇಗದ ಬೌಲಿಂಗ್ ಮಾಡುವ ಹದಿಹರೆಯದವರಿಗೆ ಸೊಂಟದ ಮೇಲೆ ಒಂದೇ ಪಕ್ಕದಲ್ಲಿ, ಹೆಚ್ಚಾಗಿ ಎಸೆಯುವ ಕೈಯ ಎದುರು ಬದಿಯಲ್ಲಿ, ಹಿಂದಕ್ಕೆ ಬಾಗಿದಾಗ ನೋವು ಬಂದರೆ ಅದು ಬೆನ್ನೆಲುಬಿನ ಒತ್ತಡದ ಬಿರುಕಾಗಿರಬಹುದು. ಅಲ್ಲಿ ಮುಲಾಮು ಹಚ್ಚಿ ಆಡಿಸಬಾರದು, ವೈದ್ಯರಿಗೆ ತೋರಿಸಬೇಕು.

ಮನೆಯಲ್ಲೇ ಮಾಡಬಹುದಾದ ಕೆಲಸ: ಮೂರು ತಿಂಗಳಿಗೊಮ್ಮೆ, ಬೆಳಿಗ್ಗೆಯೇ, ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ. ಸಂಜೆಗೆ ಎತ್ತರ ಒಂದು ಸೆಂಟಿಮೀಟರ್‌ನಷ್ಟು ತಗ್ಗಿರುತ್ತದೆ, ಒಮ್ಮೆ ಬೆಳಿಗ್ಗೆ ಒಮ್ಮೆ ಸಂಜೆ ಅಳೆದರೆ ಲೆಕ್ಕ ಕೆಡುತ್ತದೆ. ಮೂರು ತಿಂಗಳಲ್ಲಿ ಸುಮಾರು 2 ಸೆಂ.ಮೀ. ಮೀರಿ ಬೆಳೆದಿದ್ದರೆ ಜಿಗಿತ, ವೇಗದ ಓಟ, ವೇಗದ ಬೌಲಿಂಗ್‌ನ ಪ್ರಮಾಣ ಕೆಲವು ವಾರ ಇಳಿಸಿ, ಕೌಶಲ ಮತ್ತು ಸಮತೋಲನದ ಅಭ್ಯಾಸ ಹೆಚ್ಚಿಸಿ. ಈ ಅವಧಿಯಲ್ಲಿ ನಿನ್ನೆಯವರೆಗೆ ಚೆಂದವಾಗಿ ಆಡುತ್ತಿದ್ದ ಹುಡುಗ ಎಡವುತ್ತಾನೆ, ಗುರಿ ತಪ್ಪುತ್ತಾನೆ. ಕೈಕಾಲಿನ ಉದ್ದ ಬದಲಾದದ್ದೇ ಕಾರಣ. ಅದನ್ನು ತಿಳಿಸಿ ಹೇಳದಿದ್ದರೆ ತನ್ನ ಪ್ರತಿಭೆಯೇ ಹೋಯಿತೆಂದು ನಂಬುತ್ತಾನೆ. ವಾರಕ್ಕೆ ಸಂಘಟಿತ ತರಬೇತಿಯ ಗಂಟೆಗಳು ಮಗುವಿನ ವಯಸ್ಸಿನ ಸಂಖ್ಯೆಯನ್ನು ದಾಟದಿರಲಿ: 11 ವರ್ಷದವರಿಗೆ 11 ಗಂಟೆಯೇ ಮಿತಿ. ವಾರದಲ್ಲಿ ಒಂದೆರಡು ದಿನ ಪೂರ್ತಿ ಬಿಡುವು, ಒಂದೇ ಆಟದಿಂದ ವರ್ಷದಲ್ಲಿ ಒಟ್ಟು ಮೂರು ತಿಂಗಳು ದೂರ (ಒಂದೊಂದೇ ತಿಂಗಳಾಗಿ ಹಂಚಿದರೂ ಸರಿ) ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಶಿಫಾರಸು ಮಾಡಿದೆ. ನಿದ್ರೆ 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ. ಮುಂಜಾನೆ ಐದಕ್ಕೆ ಪ್ರಾಕ್ಟೀಸ್, ರಾತ್ರಿ ಹನ್ನೊಂದರವರೆಗೆ ಮನೆಪಾಠ ಎಂಬ ದಿನಚರಿಯಲ್ಲಿ ಈ ಲೆಕ್ಕ ಎಂದಿಗೂ ಕೂಡಿಬರುವುದಿಲ್ಲ.

ಆಯ್ಕೆ ಪ್ರಕ್ರಿಯೆಯಲ್ಲಿ ಆಗುವ ಒಂದು ಅನ್ಯಾಯದ ಬಗ್ಗೆ ಬಿಡಿಸಿ ಹೇಳಲೇಬೇಕು. 1985ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಜೊತೆಗಾರರು ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಲೆಕ್ಕ ಹಾಕಿದರು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ಬಹಳ, ಕೊನೆಯ ತಿಂಗಳುಗಳವರು ತೀರಾ ಕಡಿಮೆ. ಅಲ್ಲಿ ವಯೋಮಿತಿಯ ದಿನಾಂಕ ಜನವರಿ 1. ಜನವರಿಯಲ್ಲಿ ಹುಟ್ಟಿದ ಮಗುವೂ ಡಿಸೆಂಬರ್‌ನಲ್ಲಿ ಹುಟ್ಟಿದ ಮಗುವೂ ಒಂದೇ ವಯೋಗುಂಪಿನಲ್ಲಿ ನಿಲ್ಲುತ್ತವೆ, ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಹತ್ತರ ವಯಸ್ಸಿನಲ್ಲಿ ಒಂದು ವರ್ಷ ಎಂದರೆ ಬದುಕಿನ ಹತ್ತರಲ್ಲೊಂದು ಪಾಲು. ದೊಡ್ಡವನು ಆಯ್ಕೆಯಾಗುತ್ತಾನೆ, ಅವನಿಗೆ ಒಳ್ಳೆಯ ಕೋಚ್, ಹೆಚ್ಚು ಪಂದ್ಯ, ಹೆಚ್ಚು ಹೊಗಳಿಕೆ. ಚಿಕ್ಕವನು ಬೆಂಚಿನಲ್ಲಿ ಕೂತು ಆಟ ಬಿಡುತ್ತಾನೆ. ನಾಲ್ಕು ವರ್ಷದ ನಂತರ ಇಬ್ಬರ ನಡುವಿನ ಅಂತರ ನಿಜವೇ ಆಗಿಬಿಟ್ಟಿರುತ್ತದೆ. ಇದೇ ಪರಿಣಾಮ ಬೇರೆ ದೇಶ, ಬೇರೆ ಆಟಗಳಲ್ಲೂ ಕಂಡಿದೆ, ಶಾಲೆಯ ತರಗತಿಯಲ್ಲೂ ಇದೆ. ದಿನಾಂಕ ಜೂನ್ ಆದರೆ ನಷ್ಟ ಅನುಭವಿಸುವವರು ಮೇ ತಿಂಗಳ ಮಕ್ಕಳಾಗುತ್ತಾರೆ, ಅಷ್ಟೇ ವ್ಯತ್ಯಾಸ.

ಪೋಷಕರು ‘ನಮ್ಮ ಮಗುವಿಗೆ ಪ್ರತಿಭೆ ಇಲ್ಲ’ ಎಂದು ತೀರ್ಮಾನಿಸುವ ಮುಂಚೆ ಆಯ್ಕೆಯಾದವರ ಹುಟ್ಟಿದ ತಿಂಗಳು ವಿಚಾರಿಸಲಿ. ಶಾಲೆಗಳಿಗೆ ಖರ್ಚಿಲ್ಲದ ಉಪಾಯವೊಂದಿದೆ: ಸೆಲೆಕ್ಷನ್ ದಿನ ಜೆರ್ಸಿ ಸಂಖ್ಯೆಯನ್ನು ವಯಸ್ಸಿನ ಕ್ರಮದಲ್ಲೇ ಕೊಡುವುದು. ಗುಂಪಿನ ಅತಿ ಚಿಕ್ಕವರಿಗೆ 1, ಅತಿ ದೊಡ್ಡವರಿಗೆ ಕೊನೆಯ ಸಂಖ್ಯೆ. ನೋಡುವವರ ಕಣ್ಣಿಗೆ ಆಟದ ಜೊತೆಗೇ ವಯಸ್ಸೂ ಬೀಳುತ್ತದೆ. ಹೀಗೆ ಸಂಖ್ಯೆ ಕೊಟ್ಟು, ಅದರ ಅರ್ಥವನ್ನೂ ತಿಳಿಸಿದಾಗ ಆಯ್ಕೆಗಾರರ ಪಕ್ಷಪಾತ ಇಳಿದದ್ದು ಫುಟ್‌ಬಾಲ್ ಆಯ್ಕೆಗಾರರ ಮೇಲಿನ ಪ್ರಯೋಗದಲ್ಲಿ ಕಂಡುಬಂದಿದೆ. ಪಟ್ಟಿ ಅಂತಿಮಗೊಳಿಸುವ ಮುನ್ನ ಪ್ರತಿ ಹೆಸರಿನ ಎದುರು ಹುಟ್ಟಿದ ತಿಂಗಳು ಬರೆದು ಒಮ್ಮೆ ಕಣ್ಣಾಡಿಸಿದರೂ ಎಷ್ಟೋ ಲಾಭ.

ಮೈದಾನದ ಅಂಚಿನಲ್ಲಿರುವ ಕೆಲಸಗಳನ್ನು ಮಕ್ಕಳಿಗೆ ತೋರಿಸದೇ ಇರುವುದು ನಮ್ಮ ದೊಡ್ಡ ಕೊರತೆ. ಉದಾಹರಣೆಗೆ ಕ್ರಿಕೆಟ್ ಸ್ಕೋರಿಂಗ್ ತೆಗೆದುಕೊಳ್ಳಿ. ಆಡುವ ಹನ್ನೊಂದರಲ್ಲಿ ಜಾಗ ಸಿಗದ 12 ವರ್ಷದ ಹುಡುಗಿಯ ಕೈಗೆ ಸ್ಕೋರ್ ಪುಸ್ತಕ ಕೊಡಿ. ಪ್ರತಿ ಎಸೆತವನ್ನೂ ಎರಡು ಕಡೆ ಬರೆಯಬೇಕು, ಬ್ಯಾಟರ್ ಸಾಲಿನಲ್ಲೊಮ್ಮೆ, ಬೌಲರ್ ಸಾಲಿನಲ್ಲೊಮ್ಮೆ. ಇನಿಂಗ್ಸ್ ಮುಗಿದ ಮೇಲೆ ಎಲ್ಲ ಬ್ಯಾಟರ್‌ಗಳ ರನ್ ಮತ್ತು ಇತರೆ ರನ್ ಕೂಡಿದರೆ ತಂಡದ ಮೊತ್ತ ಬರಬೇಕು. ಬೌಲರ್‌ಗಳು ಕೊಟ್ಟ ರನ್‌ಗೆ ಬೈ, ಲೆಗ್ ಬೈ, ದಂಡದ ರನ್ ಸೇರಿಸಿದರೂ ಅದೇ ಮೊತ್ತ ಬರಬೇಕು. ವೈಡ್ ಮತ್ತು ನೋಬಾಲ್ ಬೌಲರ್ ಲೆಕ್ಕಕ್ಕೆ ಹೋಗುತ್ತವೆ, ಬೈ ಮತ್ತು ಲೆಗ್ ಬೈ ಹೋಗುವುದಿಲ್ಲ. ಹೊಸಬರ ಲೆಕ್ಕ ತಪ್ಪುವುದು ಬಹುತೇಕ ಇಲ್ಲೇ. ಎರಡು ರನ್ ವ್ಯತ್ಯಾಸ ಬಂದಾಗ ಆ ಹುಡುಗಿ ಏನು ಮಾಡುತ್ತಾಳೆ ಎಂದು ನೋಡಿ. ಪುಸ್ತಕ ಮುಚ್ಚಿ ಎದ್ದು ಹೋದರೆ ಅದೂ ಒಂದು ಉತ್ತರವೇ. ಓವರ್ ಓವರ್ ಹಿಂದಕ್ಕೆ ಹೋಗಿ, ಹದಿನಾಲ್ಕನೆಯ ಓವರಿನ ಲೆಗ್ ಬೈಯನ್ನು ಬೌಲರ್ ಲೆಕ್ಕಕ್ಕೆ ಬರೆದದ್ದನ್ನು ಹಿಡಿದು ತಿದ್ದಿದರೆ, ಲೆಕ್ಕಪರಿಶೋಧನೆ, ದತ್ತಾಂಶ ವಿಶ್ಲೇಷಣೆ, ತಂತ್ರಾಂಶದ ದೋಷ ಹುಡುಕುವ ಕೆಲಸ ಇವುಗಳಿಗೆ ಬೇಕಾದ ಹಟ ಅಲ್ಲಿದೆ.

ಹಾಗೆಯೇ ಕಿರಿಯರ ಪಂದ್ಯಕ್ಕೆ ಅಂಪೈರ್ ಅಥವಾ ರೆಫರಿಯಾಗಿ ನಿಲ್ಲಿಸಿ. ಗೆಳೆಯನ ವಿರುದ್ಧ ತೀರ್ಪು ಕೊಡಬೇಕಾದ ಕ್ಷಣದಲ್ಲಿ ಮಗುವಿನ ಸ್ವಭಾವ ಗೊತ್ತಾಗುತ್ತದೆ. ಮೊಬೈಲಿನಲ್ಲಿ ಪಂದ್ಯದ ವಿಡಿಯೊ ತೆಗೆದು, ಚೆಂಡು ಕಳೆದುಕೊಂಡ ಎಲ್ಲ ಸಂದರ್ಭಗಳನ್ನು ಬೇರೆ ಮಾಡಿ ಪಟ್ಟಿ ಮಾಡಲು ಹೇಳಿ, ವಿಶ್ಲೇಷಕರ ಕೆಲಸದ ಮೊದಲ ಪಾಠ ಅದೇ. ಪಿಚ್ ಸಿದ್ಧಪಡಿಸುವವರು, ಫಿಸಿಯೊ, ಆಹಾರ ತಜ್ಞರು, ಕೃತಕ ಕಾಲು ತಯಾರಿಸುವವರು, ವೀಕ್ಷಕ ವಿವರಣೆಕಾರರು, ಕ್ರೀಡಾ ವಕೀಲರು, ಪಂದ್ಯದ ವೇಳಾಪಟ್ಟಿ ರೂಪಿಸುವವರು ಎಲ್ಲರೂ ಆಟವನ್ನು ಪ್ರೀತಿಸಿಯೇ ಅಲ್ಲಿಗೆ ಬಂದವರು. ಇವರಲ್ಲಿ ಒಬ್ಬರ ಜೊತೆ ಒಂದು ದಿನ ಕಳೆಯಲು ಮಗುವನ್ನು ಕಳುಹಿಸುವಾಗ ಕೇಳಬೇಕಾದ ಪ್ರಶ್ನೆಗಳನ್ನು ಬರೆದು ಕೊಡಿ. ಪಂದ್ಯವಿಲ್ಲದ ದಿನ ನೀವು ಏನು ಮಾಡುತ್ತೀರಿ? ಕೆಲಸದಲ್ಲಿ ಅತಿ ಬೇಸರದ ಭಾಗ ಯಾವುದು? ಇದಕ್ಕೆ ಏನು ಓದಬೇಕಾಯಿತು, ಅದರಲ್ಲಿ ಕಷ್ಟವಾದ ವಿಷಯ ಯಾವುದು? ಬೇಸರದ ಭಾಗವನ್ನು ಕೇಳಿದ ಮೇಲೂ ಮಗುವಿನ ಮುಖ ಬಾಡದಿದ್ದರೆ ಆ ದಾರಿಯನ್ನು ಇನ್ನಷ್ಟು ನೋಡಬಹುದು.

ಇದನ್ನು ಬೇಗ ಮಾಡಬೇಕಾದ ಕಾರಣವಿದೆ. ಮಕ್ಕಳು ಉದ್ಯೋಗಗಳನ್ನು ಆರಿಸುವುದಕ್ಕಿಂತ ಮುಂಚೆ ಅಳಿಸುತ್ತಾ ಬರುತ್ತಾರೆ ಎಂದು ಮನಶ್ಶಾಸ್ತ್ರಜ್ಞೆ ಲಿಂಡಾ ಗಾಟ್‌ಫ್ರೆಡ್‌ಸನ್ 1981ರಲ್ಲಿ ವಿವರಿಸಿದರು. 6ರಿಂದ 8ರ ವಯಸ್ಸಿನಲ್ಲಿ ‘ಇದು ಹುಡುಗರ ಕೆಲಸ, ಇದು ಹುಡುಗಿಯರದು’ ಎಂದು ಒಂದಷ್ಟು ಅಳಿಸಿಹೋಗುತ್ತವೆ. 9ರಿಂದ 13ರಲ್ಲಿ ‘ಇದಕ್ಕೆ ಮರ್ಯಾದೆ ಇಲ್ಲ’, ‘ಇದು ನಮ್ಮಂಥವರ ಕೈಗೆಟುಕದು’ ಎಂದು ಇನ್ನೊಂದಷ್ಟು. ತನ್ನ ಆಸಕ್ತಿ ಏನು ಎಂದು ಮಗು ಗಂಭೀರವಾಗಿ ಯೋಚಿಸುವುದು 14ರ ನಂತರ, ಅಷ್ಟು ಹೊತ್ತಿಗೆ ಪಟ್ಟಿ ಕಿರಿದಾಗಿರುತ್ತದೆ. ಅಳಿಸಿದ್ದು ಮಗುವಿಗೇ ನೆನಪಿರುವುದಿಲ್ಲ. ಹೆಣ್ಣುಮಕ್ಕಳು ಆಟ ಬಿಡುವುದರ ಹಿಂದೆ ಇಂಥ ಮಾತಿಲ್ಲದ ಅಳಿಸುವಿಕೆ ಬಹಳ. ಬಟ್ಟೆ ಬದಲಿಸಲು ಜಾಗವಿಲ್ಲ, ಮುಟ್ಟಿನ ದಿನಗಳ ಬಗ್ಗೆ ಕೋಚ್ ಜೊತೆ ಮಾತಾಡಲು ಸಂಕೋಚ, ಮೈದಾನದಲ್ಲಿ ಒಬ್ಬ ಮಹಿಳಾ ರೆಫರಿಯೂ ಕಾಣುವುದಿಲ್ಲ. ಇದನ್ನು ‘ಆಸಕ್ತಿ ಕಡಿಮೆಯಾಯಿತು’ ಎಂದು ಬರೆದು ಕಡತ ಮುಚ್ಚುವುದು ನಮಗೆ ಬಹಳ ನೋವಿನ ಸಂಗತಿ.

ದೊಡ್ಡ ಪರೀಕ್ಷೆಯ ವರ್ಷ ಬಂದಾಗ ಆಟವನ್ನು ಒಮ್ಮೆಲೇ ನಿಲ್ಲಿಸುವ ರೂಢಿ ಎಲ್ಲೆಡೆ ಇದೆ. ನಿಲ್ಲಿಸಬೇಡಿ, ಇಳಿಸಿ. ವಾರಕ್ಕೆ ಮೂರು ದಿನ, 45 ನಿಮಿಷ, ಪಂದ್ಯಾವಳಿ ಬೇಡ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಪರೀಕ್ಷೆಯ ವರ್ಷಕ್ಕೂ ಅನ್ವಯಿಸುತ್ತದೆ, ಹಾಗಾಗಿ ಉಳಿದ ದಿನ ನಡಿಗೆ, ಸೈಕಲ್ ಇರಲಿ. ಪೂರ್ತಿ ನಿಲ್ಲಿಸಿ ಹತ್ತು ತಿಂಗಳ ನಂತರ ಹಳೆಯ ವೇಗದಲ್ಲೇ ಮರಳಿದವರು ಮೊದಲ ತಿಂಗಳಲ್ಲೇ ಗಾಯಗೊಳ್ಳುವ ಅಪಾಯ ಹೆಚ್ಚು. ಮರಳುವಾಗ ಹಳೆಯ ಪ್ರಮಾಣದ ಅರ್ಧದಿಂದ ಶುರುಮಾಡಿ, ನಾಲ್ಕರಿಂದ ಆರು ವಾರದಲ್ಲಿ ಏರಿಸಬೇಕು.

ಇನ್ನು ಆಟವೇ ಎಲ್ಲವೂ ಆಗಿ, ಹದಿನೇಳರಲ್ಲಿ ಗಾಯದಿಂದಲೋ ಆಯ್ಕೆ ತಪ್ಪಿಯೋ ಅದು ಕೈಬಿಟ್ಟ ಮಕ್ಕಳು. ಬೇರೆ ಯಾವ ದಾರಿಯನ್ನೂ ನೋಡದೆ ಒಂದೇ ಗುರುತಿಗೆ ಬದ್ಧರಾಗುವುದನ್ನು ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಷಿಯಾ 1966ರಲ್ಲೇ ಗುರುತಿಸಿದ್ದರು. ಇಂಥ ಮಕ್ಕಳಿಗೆ ಮೊದಲ ಕೆಲವು ವಾರ ‘ಮುಂದೇನು?’ ಎಂದು ಕೇಳಬಾರದು. ಪ್ರಾಕ್ಟೀಸ್ ಇದ್ದ ಹೊತ್ತಿಗೆ ಬೇರೆ ಏನಾದರೂ ನಿಗದಿಯಾಗಿರಲಿ, ಖಾಲಿ ಬಿಟ್ಟರೆ ಅದೇ ಹೊತ್ತು ಕೊರೆಯುತ್ತದೆ. ತಂಡದ ಗುಂಪಿನಿಂದ ಹೊರಹಾಕಬೇಡಿ, ಕಿರಿಯರ ವಾರ್ಮ್ ಅಪ್ ಮಾಡಿಸುವ ಹೊಣೆ ಕೊಡಿ. ನಿದ್ರೆ, ಊಟ ಕೆಟ್ಟು ಎರಡು ವಾರ ದಾಟಿದರೆ ಮನೋವೈದ್ಯರನ್ನು ಕಾಣಿ. ಆನಂತರ ಹಳೆಯ ನೋಟ್‌ಪುಸ್ತಕ ತೆರೆಯಿರಿ, ಅದು ಉಪಯೋಗಕ್ಕೆ ಬರುವುದು ಇಂಥ ಹೊತ್ತಿನಲ್ಲೇ.

ಆಟದ ಅನುಭವವನ್ನು ಅರ್ಜಿಯಲ್ಲಿ ಬರೆಯುವ ರೀತಿಯನ್ನೂ ಹದಿನಾರರಿಂದಲೇ ಕಲಿಸಬೇಕು. ‘ತಂಡದ ನಾಯಕನಾಗಿದ್ದೆ, ತಂಡ ಮನೋಭಾವ ಕಲಿತೆ’ ಎಂದು ಸಾವಿರ ಮಂದಿ ಬರೆಯುತ್ತಾರೆ. ‘ವಾರಕ್ಕೆ ನಾಲ್ಕು ದಿನ 14 ಮಂದಿಯ ಅಭ್ಯಾಸದ ವೇಳಾಪಟ್ಟಿ ಮಾಡುತ್ತಿದ್ದೆ, ಇಬ್ಬರಿಗೆ ಪರೀಕ್ಷೆ ಇದ್ದಾಗ ಅವರ ಸರದಿ ಬದಲಿಸಿದೆ, ಸಲಕರಣೆಗಳ ಲೆಕ್ಕ ಇಟ್ಟೆ’ ಎಂದು ಬರೆದರೆ ಓದುವವರಿಗೆ ಕೆಲಸ ಕಾಣುತ್ತದೆ.

ಆಟದಿಂದ ಬೇರೆ ವೃತ್ತಿಗೆ ನಡೆದವರ ಹೆಸರು ಮಕ್ಕಳಿಗೆ ಗೊತ್ತಿರಬೇಕು. 1954ರ ಮೇ 6ರಂದು ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿ, ನಾಲ್ಕು ನಿಮಿಷದ ಗಡಿಯನ್ನು ಮೊದಲು ದಾಟಿದ ರೋಜರ್ ಬ್ಯಾನಿಸ್ಟರ್ ಆಗ ವೈದ್ಯಕೀಯ ವಿದ್ಯಾರ್ಥಿ. ದೇಹ ದಣಿಯುವ ಬಗೆಯ ಬಗ್ಗೆ ಟ್ರೆಡ್‌ಮಿಲ್ ಪ್ರಯೋಗಗಳನ್ನೂ ಮಾಡಿದ್ದರು, ಮುಂದೆ ಹೆಸರಾಂತ ನರರೋಗ ತಜ್ಞರಾದರು. 1980ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಪೀಡ್ ಸ್ಕೇಟಿಂಗ್‌ನ ಐದೂ ಚಿನ್ನ ಗೆದ್ದ ಎರಿಕ್ ಹೈಡನ್ ಮೂಳೆ ಶಸ್ತ್ರವೈದ್ಯರಾದರು. ಎತ್ತರ ಜಿಗಿತದ ಪ್ರಚಲಿತ ಶೈಲಿ ಒಗ್ಗದೆ, ಶಾಲಾ ದಿನಗಳಲ್ಲೇ ಬೆನ್ನನ್ನು ಪಟ್ಟಿಯ ಕಡೆ ಮಾಡಿ ಹಾರುವ ತನ್ನದೇ ಬಗೆ ಕಂಡುಕೊಂಡ ಡಿಕ್ ಫಾಸ್ಬರಿ 1968ರ ಒಲಿಂಪಿಕ್ಸ್‌ನಲ್ಲಿ 2.24 ಮೀಟರ್ ಹಾರಿ ಚಿನ್ನ ಗೆದ್ದರು, ನಂತರ ಸಿವಿಲ್ ಎಂಜಿನಿಯರ್ ಆದರು.

ಪತ್ರಿಕೆಗೆ ನಮ್ಮದೊಂದು ಬೇಡಿಕೆ. ಹನ್ನೆರಡರ ಮಗು ಪದಕ ಗೆದ್ದಾಗ ‘ಭವಿಷ್ಯದ ತಾರೆ’ ಎಂಬ ಶೀರ್ಷಿಕೆ ಬೇಡ. ಆ ಮಾತು ಮಗುವಿನ ಮೇಲೆ ವರ್ಷಗಟ್ಟಲೆ ಕೂರುತ್ತದೆ. ಪದಕದ ಸುದ್ದಿಯ ಜೊತೆ ಮಗು ಬೇರೆ ಏನೇನು ಆಡುತ್ತದೆ, ಆಟದಲ್ಲಿ ಯಾವ ಭಾಗ ಅದಕ್ಕೆ ಇಷ್ಟ ಎಂದು ಕೇಳಿ ಎರಡು ಸಾಲು ಬರೆಯಿರಿ. ಕ್ರೀಡಾ ಪುಟದಲ್ಲಿ ವಾರಕ್ಕೊಮ್ಮೆ ಒಬ್ಬ ಸ್ಕೋರರ್, ಒಬ್ಬ ಪಿಚ್ ತಯಾರಕ, ಒಬ್ಬ ಫಿಸಿಯೊ, ಒಬ್ಬ ರೆಫರಿ ದಿನವಿಡೀ ಏನು ಮಾಡುತ್ತಾರೆ ಎಂಬುದಕ್ಕೆ ಕಾಲು ಪುಟ ಕೊಡಿ. ಅವರು ಏನು ಓದಿದರು, ಕೆಲಸಕ್ಕೆ ಹೇಗೆ ಸೇರಿದರು ಎಂಬ ವಿವರವೂ ಅದರಲ್ಲಿರಲಿ.

ಇಂತಿ,

ಮಕ್ಕಳ ಕ್ರೀಡಾ ತರಬೇತಿ ಮತ್ತು ವೃತ್ತಿ ಮಾರ್ಗದರ್ಶನದಲ್ಲಿ ತೊಡಗಿರುವ ನಿಮ್ಮ ಓದುಗರು